ಸೇನೆಯಿಂದ ಸೈಬರ್ ಭದ್ರತೆಯ ಕೆಲಸಕ್ಕೆ: ಯಾವುದು ಮೊದಲು, ಯಾವುದು ಆಮೇಲೆ

ಬೆಂಗಳೂರಿನ ಕಂಪನಿಯೊಂದರ ಭದ್ರತಾ ನಿಗಾ ಕೇಂದ್ರಕ್ಕೆ ಜನರನ್ನು ಆರಿಸುವ ಸಂದರ್ಶನಗಳಲ್ಲಿ ನಾನು ಕೂರುತ್ತೇನೆ. ನಾನೂ ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ನಿಂದ ಬಂದವನೆಂದು ಮಾಜಿ ಸೈನಿಕರ ಅರ್ಜಿಗಳನ್ನೆಲ್ಲ ನನ್ನ ಕಡೆಗೇ ಕಳುಹಿಸುತ್ತಾರೆ. ಅವುಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು. ಹದಿನೇಳು ವರ್ಷ ಸೇವೆ, ಮೂರು ಸರ್ಟಿಫಿಕೇಟ್, ಅದಕ್ಕಾಗಿ ಗ್ರಾಚ್ಯುಟಿಯಲ್ಲಿ ಕರಗಿದ ಒಂದೆರಡು ಲಕ್ಷ ರೂಪಾಯಿ. ಬ್ರೌಸರ್‌ನಲ್ಲಿ ಒಂದು ಜಾಲತಾಣದ ಹೆಸರು ಬರೆದು ಎಂಟರ್ ಒತ್ತಿದಾಗ ಮೊದಲು ಏನಾಗುತ್ತದೆ ಎಂದು ಕೇಳಿದರೆ ಮಾತ್ರ ಕೋಣೆಯಲ್ಲಿ ಮೌನ.

ಇವರಲ್ಲಿ ಬುದ್ಧಿಗಾಗಲಿ ಶ್ರಮಕ್ಕಾಗಲಿ ಕೊರತೆಯಿಲ್ಲ. ಕೊನೆಗೆ ಮಾಡಬೇಕಾದದ್ದನ್ನು ಮೊದಲು ಮಾಡಿರುತ್ತಾರೆ, ಅಷ್ಟೇ. ಹಾಗಾಗಿ ಈ ಬರಹದಲ್ಲಿ ಹಂತಗಳ ಅನುಕ್ರಮಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಪಿಂಚಣಿಯ ಹೊಸ್ತಿಲಲ್ಲಿರುವ ಜವಾನರು, ಹವಾಲ್ದಾರರು, ಜೆಸಿಒಗಳು (ಹವಾಲ್ದಾರರಿಗೂ ಅಧಿಕಾರಿಗಳಿಗೂ ನಡುವಿನ ದರ್ಜೆಯವರು) ಮತ್ತು ವಾಯುಸೇನೆ, ನೌಕಾಸೇನೆಯ ಸಮಾನ ದರ್ಜೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಅಧಿಕಾರಿಗಳ ದಾರಿ ಕೆಲವೆಡೆ ಬೇರೆ; ಅದನ್ನು ಆಯಾ ಜಾಗದಲ್ಲಿ ಹೇಳಿದ್ದೇನೆ.

## ಹೊರಡುವ ಮೊದಲು ಕೈಯಲ್ಲಿರಬೇಕಾದದ್ದು

ಸಮಯ: ಸೇವೆಯಿಂದ ಬಿಡುಗಡೆಯಾಗುವ ದಿನಕ್ಕೆ ಕನಿಷ್ಠ ಹದಿನೆಂಟು ತಿಂಗಳ ಮೊದಲು ಶುರುಮಾಡಿ. ದಿನಕ್ಕೆ ಎರಡು ಗಂಟೆ ಸಾಕು, ಆದರೆ ತಪ್ಪಬಾರದು. ಬಿಡುಗಡೆಯಾಗಿ ಊರಿಗೆ ಬಂದ ಮೇಲೆ ಮನೆ ಕಟ್ಟಿಸುವುದು, ಜಮೀನಿನ ತಕರಾರು, ಮದುವೆಗಳು ಎನ್ನುತ್ತ ಮೊದಲ ಆರು ತಿಂಗಳು ಹೇಗೆ ಹೋಯಿತೆಂದೇ ಗೊತ್ತಾಗುವುದಿಲ್ಲ.

ಲ್ಯಾಪ್‌ಟಾಪ್: 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ. ಬಳಸಿದ್ದಾದರೂ ಆದೀತು. 8 ಜಿಬಿ ಇದ್ದರೆ ನಾಲ್ಕನೆಯ ಹಂತದಲ್ಲಿ ತಿಣುಕಾಡುತ್ತೀರಿ.

ಒಂದು ದಪ್ಪ ನೋಟ್‌ಬುಕ್. ಓದಿದ್ದನ್ನು ಇಂಗ್ಲಿಷ್‌ನಲ್ಲಿ ದಿನಕ್ಕೆ ಹತ್ತು ಸಾಲು ಬರೆಯಲು. ನಮ್ಮವರ ಹಿಂದಿ ಚೆನ್ನಾಗಿರುತ್ತದೆ. ಇಲ್ಲಿ ವರದಿ, ಮೇಲ್, ಸಂದರ್ಶನ ಎಲ್ಲವೂ ಇಂಗ್ಲಿಷ್‌ನಲ್ಲಿ. ಈ ಹತ್ತು ಸಾಲನ್ನು ಕಡೆಗಣಿಸಿದವರು ವಿಷಯ ಗೊತ್ತಿದ್ದೂ ಸೋತಿದ್ದಾರೆ.

ಎಚ್ಚರಿಕೆ: ಸೇವೆಯಲ್ಲಿರುವಾಗ ಸ್ವಂತ ಲ್ಯಾಪ್‌ಟಾಪನ್ನು ಯೂನಿಟ್‌ನ ಯಾವ ಜಾಲಕ್ಕೂ ಜೋಡಿಸಬೇಡಿ, ಕಚೇರಿಯ ಪೆನ್ ಡ್ರೈವ್ ಅದಕ್ಕೆ ಹಾಕಬೇಡಿ. ಕಲಿಯುವ ಹುಮ್ಮಸ್ಸಿನಲ್ಲಿ ಬ್ಯಾರಕ್‌ನಲ್ಲಿ ನೆಟ್‌ವರ್ಕ್ ಸ್ಕ್ಯಾನ್ ಮಾಡಿದರೆ ವಿಚಾರಣೆ ಎದುರಿಸಬೇಕಾದೀತು. ಪ್ರಯೋಗಗಳೇನಿದ್ದರೂ ರಜೆಯಲ್ಲಿ, ಮನೆಯಲ್ಲಿ.

## ಹಂತ 1: ಯಾವ ಬಾಗಿಲು ಎಂದು ನಿರ್ಧರಿಸಿ

ಸೈಬರ್ ಭದ್ರತೆ ಎಂದರೆ ಹ್ಯಾಕಿಂಗ್ ಎಂದುಕೊಂಡು ಬರುವವರೇ ಹೆಚ್ಚು. ಕಂಪನಿಯ ಅನುಮತಿ ಪಡೆದು ಅದರ ವ್ಯವಸ್ಥೆಗೆ ನುಗ್ಗಿ ದೋಷ ಹುಡುಕುವ ಆ ಕೆಲಸ ಇದೆ, ನಿಜ. ಆದರೆ ಅದಕ್ಕೆ ಪ್ರೋಗ್ರಾಮಿಂಗ್‌ನಲ್ಲಿ ಪಳಗಿದ ಇಪ್ಪತ್ತೆರಡರ ಹುಡುಗರ ಸಾಲೇ ನಿಂತಿದೆ. ಮೂವತ್ತೆಂಟರಲ್ಲಿ ಆ ಸಾಲಿನ ತುದಿಗೆ ಹೋಗಿ ನಿಲ್ಲುವುದು ಜಾಣತನವಲ್ಲ. ನಮಗೆ ಹೊಂದುವ ಬಾಗಿಲುಗಳು ಮೂರು.

ಒಂದು, ನಿಗಾ ಕೇಂದ್ರ; ಕಂಪನಿಗಳಲ್ಲಿ ಇದನ್ನು ಸಾಕ್ ಎನ್ನುತ್ತಾರೆ. ಹಗಲು ರಾತ್ರಿ ಪಾಳಿಯಲ್ಲಿ ಕುಳಿತು, ಕಂಪ್ಯೂಟರ್‌ಗಳಿಂದ ಬರುವ ಎಚ್ಚರಿಕೆಗಳನ್ನು ನೋಡಿ, ಯಾವುದು ಸುಳ್ಳು, ಯಾವುದು ನಿಜ ಎಂದು ಬೇರ್ಪಡಿಸಿ ಮೇಲಿನವರಿಗೆ ತಿಳಿಸುವ ಕೆಲಸ. ಪಾಳಿ ಬದಲಾಗುವಾಗ ಪುಸ್ತಕ ಒಪ್ಪಿಸುವುದೂ ಉಂಟು. ಗಾರ್ಡ್ ಡ್ಯೂಟಿ ಮಾಡಿದವರಿಗೆ ಇದರ ಲಯ ಹೊಸದಲ್ಲ. ಮೊದಲ ಮೆಟ್ಟಿಲನ್ನು ಎಲ್ 1 ಎನ್ನುತ್ತಾರೆ.

ಎರಡು, ನಿಯಮಪಾಲನೆ ಮತ್ತು ಲೆಕ್ಕಪರಿಶೋಧನೆಯ ಬಾಗಿಲು. ಕಂಪನಿ ಭದ್ರತೆಯ ನಿಯಮಗಳನ್ನು ಪಾಲಿಸುತ್ತಿದೆಯೇ ಎಂದು ಪರಿಶೀಲಿಸುವ ಕೆಲಸ; ಜಿಆರ್‌ಸಿ ಎಂಬುದು ಅಲ್ಲಿನ ಹೆಸರು. ಕ್ಲರ್ಕ್, ಕ್ವಾರ್ಟರ್ ಮಾಸ್ಟರ್ ವಿಭಾಗ, ಸ್ಟೋರ್, ಮಿಲಿಟರಿ ಪೊಲೀಸ್ ಹಿನ್ನೆಲೆಯವರು ಇದನ್ನು ಗಂಭೀರವಾಗಿ ಪರಿಗಣಿಸಿ. ಮಾಹಿತಿ ಭದ್ರತೆಗೆ ಕಂಪನಿಗಳು ಅನುಸರಿಸುವ ಐಎಸ್‌ಒ 27001 ಮಾನದಂಡದ 2022ರ ಆವೃತ್ತಿಯಲ್ಲಿ 93 ನಿಯಂತ್ರಣಗಳಿವೆ. ಅವುಗಳಲ್ಲಿ 14 ಭೌತಿಕ ಭದ್ರತೆಗೇ ಸಂಬಂಧಿಸಿದವು: ಒಳಬರುವವರ ನಿಯಂತ್ರಣ, ಆವರಣದ ಸುತ್ತಳತೆ, ಕೇಬಲ್‌ಗಳ ರಕ್ಷಣೆ, ಹಳೆಯ ಸಾಧನಗಳ ವಿಲೇವಾರಿ. ಬೋರ್ಡ್ ಆಫ್ ಆಫೀಸರ್ಸ್ ಎದುರು ಸ್ಟಾಕ್ ಲೆಕ್ಕ ಒಪ್ಪಿಸಿದ ಮನುಷ್ಯನಿಗೆ ಇದನ್ನು ಯಾರೂ ಮೊದಲಿನಿಂದ ಕಲಿಸಬೇಕಾಗಿಲ್ಲ.

ಮೂರು, ನೆಟ್‌ವರ್ಕ್ ಭದ್ರತೆ: ಫೈರ್‌ವಾಲ್, ವಿಪಿಎನ್, ಸ್ವಿಚ್‌ಗಳ ನಿರ್ವಹಣೆ. ಸಿಗ್ನಲ್ಸ್, ಇಎಂಇ (ಸೇನೆಯ ಉಪಕರಣಗಳ ದುರಸ್ತಿ ನೋಡುವ ವಿಭಾಗ), ವಾಯುಸೇನೆಯ ತಾಂತ್ರಿಕ ಟ್ರೇಡ್‌ಗಳವರಿಗೆ ಇದು ಹತ್ತಿರದ ದಾರಿ.

ಪದಾತಿ ದಳದಲ್ಲಿದ್ದವರು ಮೊದಲ ಎರಡರಲ್ಲಿ ಒಂದನ್ನು ಆರಿಸಿ. ಆರಿಸಿದ ಮೇಲೆ ಆರು ತಿಂಗಳು ಬದಲಿಸಬೇಡಿ. ಯೂಟ್ಯೂಬ್ ವಿಡಿಯೊ ನೋಡಿದಾಗಲೆಲ್ಲ ಬಾಗಿಲು ಬದಲಿಸುತ್ತಿದ್ದೀರಿ ಎಂದಾದರೆ ಅದೇ ಮೊದಲ ಅಪಾಯದ ಸೂಚನೆ.

## ಹಂತ 2: ಕಾಗದಪತ್ರ ಮತ್ತು ಪದವಿ

ಇಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ಮೆಟ್ರಿಕ್ ಪಾಸಾಗಿ 15 ವರ್ಷ ಸೇವೆ ಮಾಡಿದವರನ್ನು ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಿಗೆ ಪದವೀಧರರಿಗೆ ಸಮ ಎಂದು ಪರಿಗಣಿಸುತ್ತಾರೆ. ಆ ಪ್ರಮಾಣಪತ್ರವನ್ನು ಹಿಡಿದುಕೊಂಡು ಖಾಸಗಿ ಕಂಪನಿಗೆ ಬರುವವರು ಬಹಳ. ಖಾಸಗಿಯವರ ಕಂಪ್ಯೂಟರ್‌ಗೆ ಈ ಸಮಾನತೆ ಗೊತ್ತಿಲ್ಲ. ಅರ್ಜಿಯಲ್ಲಿ ವಿಶ್ವವಿದ್ಯಾಲಯದ ಹೆಸರಿನ ಜಾಗ ಖಾಲಿ ಇದ್ದರೆ ಅದು ಮನುಷ್ಯರ ಕಣ್ಣಿಗೆ ಬೀಳುವ ಮೊದಲೇ ಪಕ್ಕಕ್ಕೆ ಸರಿಯುತ್ತದೆ.

ಪದವಿ ಇಲ್ಲದಿದ್ದರೆ ಸೇವೆಯಲ್ಲಿರುವಾಗಲೇ ಇಗ್ನೋ ಅಥವಾ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ ಸೇರಿ. ಬಿಸಿಎ ಸಿಕ್ಕರೆ ಒಳ್ಳೆಯದು. ಗಣಿತ ಭಯವಾದರೆ ಬಿಎ ಆದರೂ ಸರಿ. ಪದವಿ ಮುಗಿಯುವವರೆಗೆ ಮುಂದಿನ ಹಂತ ನಿಲ್ಲಿಸಬೇಕಿಲ್ಲ, ಎರಡೂ ಜೊತೆಯಲ್ಲಿ ಸಾಗಲಿ. ನಾಲ್ಕು ವರ್ಷಕ್ಕೆ ಹೊರಬರುವ ಅಗ್ನಿವೀರರಿಗಂತೂ ಪದವಿಯೇ ಮೊದಲ ಕೆಲಸ: ವಯಸ್ಸು ಇದೆ, ಪಿಂಚಣಿ ಇಲ್ಲ. ಹೊರಬರುವಾಗ ಸಿಗುವ ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿಯಲ್ಲಿ ಕೋರ್ಸಿನ ಅಂಗಡಿಗಳಿಗೆ ಸುರಿಯುವ ಮೊದಲು ಓದಿಗೆ ಒಂದು ಪಾಲು ತೆಗೆದಿಡಿ.

ಇನ್ನೊಂದು, ಪುನರ್ವಸತಿ ಮಹಾನಿರ್ದೇಶನಾಲಯದ, ಅಂದರೆ ಡಿಜಿಆರ್‌ನ ತರಬೇತಿ. ಸೇವೆಯ ಕೊನೆಯ ಅವಧಿಯಲ್ಲಿ ಯೂನಿಟ್ ಮೂಲಕವೇ ಅರ್ಜಿ ಹಾಕಬೇಕು. ಜೆಸಿಒ ಮತ್ತು ಜವಾನರಿಗೆ ಶುಲ್ಕವಿಲ್ಲ. ಅಧಿಕಾರಿಗಳು ಒಂದು ಪಾಲು ಕಟ್ಟಬೇಕು. ಪಟ್ಟಿಯಲ್ಲಿ ನೆಟ್‌ವರ್ಕಿಂಗ್, ಸೈಬರ್ ಭದ್ರತೆಯ ಕೋರ್ಸ್‌ಗಳೂ ಇರುತ್ತವೆ. ಆ ವರ್ಷದ ಪಟ್ಟಿ ಬಂದ ದಿನವೇ ಅಡ್ಜುಟೆಂಟ್ (ಯೂನಿಟ್‌ನ ಆಡಳಿತ ನೋಡುವ ಅಧಿಕಾರಿ) ಕಚೇರಿಯಲ್ಲಿ ಕೇಳಿ. ತಡಮಾಡಿದರೆ ಉಳಿಯುವುದು ನಿಮಗೆ ಬೇಡದ ಕೋರ್ಸ್. ಆಗಲೇ ಹೊರಬಂದಿದ್ದರೆ ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಹೆಸರು ನೋಂದಾಯಿಸಿ.

ಡಿಸ್ಚಾರ್ಜ್ ಬುಕ್‌ನ ಪ್ರತಿ ಪುಟವನ್ನೂ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಏಕೆಂದು ಕೊನೆಯ ಹಂತದಲ್ಲಿ ತಿಳಿಯುತ್ತದೆ.

## ಹಂತ 3: ನೆಟ್‌ವರ್ಕ್, ಆಪರೇಟಿಂಗ್ ಸಿಸ್ಟಮ್, ಲಾಗ್ — ಇದೇ ಕ್ರಮದಲ್ಲಿ

ಇಡೀ ದಾರಿಯಲ್ಲಿ ಹೆಚ್ಚು ಕಾಲ ನಿಲ್ಲಬೇಕಾದದ್ದು ಇಲ್ಲಿ. ಆರರಿಂದ ಎಂಟು ತಿಂಗಳು ಕೊಡಿ. ದುಡ್ಡು ಖರ್ಚಾಗುವುದಿಲ್ಲ, ಅದಕ್ಕೇ ಬಹಳ ಮಂದಿ ಇದನ್ನು ಹಾರಿಸುತ್ತಾರೆ.

ನೆಟ್‌ವರ್ಕ್: ಮೊದಲ ಮೂರು ತಿಂಗಳು ಇದೊಂದೇ. ಐಪಿ ವಿಳಾಸ (ಜಾಲದಲ್ಲಿ ಯಂತ್ರದ ಸಂಖ್ಯಾ ವಿಳಾಸ), ಸಬ್‌ನೆಟ್ (ಜಾಲದ ಚಿಕ್ಕ ಭಾಗ), ಡಿಎನ್‌ಎಸ್ (ತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ), ಟಿಸಿಪಿಯ ಮೂರು ಹೆಜ್ಜೆಯ ಕೈಕುಲುಕುವಿಕೆ (ಎರಡು ಯಂತ್ರಗಳು ಸಂಪರ್ಕ ಶುರುಮಾಡುವ ಕ್ರಮ). ಮೊದಲು ಹೇಳಿದ ಸಂದರ್ಶನದ ಪ್ರಶ್ನೆಗೆ ಉತ್ತರ ಇಲ್ಲಿದೆ: ಕಂಪ್ಯೂಟರ್ ಮೊದಲು ತನ್ನಲ್ಲೇ ಉಳಿಸಿಕೊಂಡ ವಿಳಾಸವಿದೆಯೇ ನೋಡುತ್ತದೆ, ಇಲ್ಲದಿದ್ದರೆ ಡಿಎನ್‌ಎಸ್ ಸರ್ವರನ್ನು ಕೇಳಿ ಐಪಿ ವಿಳಾಸ ಪಡೆಯುತ್ತದೆ, ಆಮೇಲೆ ಆ ವಿಳಾಸದ 443ನೇ ಪೋರ್ಟ್‌ಗೆ (ಯಂತ್ರದ ಸಂಖ್ಯೆಯಿಟ್ಟ ಬಾಗಿಲು) ಸಂಪರ್ಕ ಬೆಳೆಸುತ್ತದೆ. ಇದನ್ನು ಬಾಯಿಪಾಠ ಮಾಡಬೇಡಿ. ಜಾಲದಲ್ಲಿ ಹೋಗಿಬರುವುದನ್ನು ತೋರಿಸುವ ವೈರ್‌ಶಾರ್ಕ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು, ನಿಮ್ಮದೇ ಲ್ಯಾಪ್‌ಟಾಪಿನಿಂದ ಒಂದು ತಾಣ ತೆರೆದು, ಇವುಗಳಲ್ಲಿ ಕೊನೆಯ ಎರಡು ನಡೆಯುವುದನ್ನು ಕಣ್ಣಾರೆ ನೋಡಿ. ಕೆಲವು ಪೋರ್ಟ್ ಸಂಖ್ಯೆಗಳು ನಾಲಿಗೆಯ ತುದಿಯಲ್ಲಿರಲಿ: 22, 53, 80, 443, 445, 3389.

ಆಪರೇಟಿಂಗ್ ಸಿಸ್ಟಮ್: ಎರಡು ತಿಂಗಳು. ವಿಂಡೋಸ್‌ನಲ್ಲಿ ಬಳಕೆದಾರರ ಖಾತೆ, ಅನುಮತಿ, ಸರ್ವಿಸ್, ರಿಜಿಸ್ಟ್ರಿ. ಲಿನಕ್ಸ್‌ನಲ್ಲಿ ಕಮಾಂಡ್ ಬರೆದು ಕೆಲಸ ಮಾಡುವ ರೂಢಿ. ಓವರ್‌ದಿವೈರ್ ತಾಣದ ಬ್ಯಾಂಡಿಟ್ ಎಂಬ ಆಟ ಉಚಿತವಾಗಿದೆ, ಒಂದೊಂದೇ ಕಮಾಂಡ್ ಕಲಿಸುತ್ತ ಮುಂದಿನ ಮಜಲಿಗೆ ಕರೆದೊಯ್ಯುತ್ತದೆ. ಉತ್ತರವನ್ನು ಅಂತರ್ಜಾಲದಲ್ಲಿ ಹುಡುಕಿ ದಾಟಿದರೆ ನಷ್ಟ ನಿಮಗೇ.

ಲಾಗ್: ಕಂಪ್ಯೂಟರ್ ತಾನಾಗಿ ಬರೆದುಕೊಳ್ಳುವ ದಿನಚರಿ. ಗಾರ್ಡ್ ರೂಮಿನ ರಿಜಿಸ್ಟರ್ ಎಂದುಕೊಳ್ಳಿ: ಯಾರು, ಯಾವಾಗ, ಎಲ್ಲಿಂದ ಬಂದರು, ಒಳಗೆ ಬಿಟ್ಟೆವೋ ಇಲ್ಲವೋ. ವಿಂಡೋಸ್‌ನಲ್ಲಿ ಪ್ರತಿ ಘಟನೆಗೂ ಒಂದು ಸಂಖ್ಯೆ. 4624 ಎಂದರೆ ಲಾಗಿನ್ ಆಯಿತು, 4625 ಎಂದರೆ ಲಾಗಿನ್ ವಿಫಲ, 4720 ಎಂದರೆ ಹೊಸ ಖಾತೆ ಸೃಷ್ಟಿ, 1102 ಎಂದರೆ ಯಾರೋ ಭದ್ರತಾ ಲಾಗನ್ನೇ ಅಳಿಸಿದ್ದಾರೆ. ರಾತ್ರಿ ಎರಡಕ್ಕೆ ನೂರಾರು 4625, ಅದರ ಬೆನ್ನಿಗೇ ಒಂದು 4624, ಸ್ವಲ್ಪ ಹೊತ್ತಿಗೆ 4720, ಕೊನೆಗೆ 1102. ಈ ನಾಲ್ಕನ್ನು ಒಂದೇ ಸಾಲಿನಲ್ಲಿ ಕಂಡು ಎದೆ ಝಲ್ ಎಂದರೆ ನೀವು ಲಾಗ್ ಓದಲು ಕಲಿತಿರಿ.

ಮುಂದಕ್ಕೆ ಹೋಗಬಹುದೇ ಎಂದು ಪರೀಕ್ಷಿಸುವ ವಿಧಾನ ಸರಳ. ಡಿಎನ್‌ಎಸ್ ಎಂದರೇನು ಎಂಬುದನ್ನು ಮನೆಯಲ್ಲಿ ಕಂಪ್ಯೂಟರ್ ಗೊತ್ತಿಲ್ಲದವರಿಗೆ ಕನ್ನಡದಲ್ಲಿ ಐದು ನಿಮಿಷ ಹೇಳಿ. ಅವರಿಗೆ ಅರ್ಥವಾಗದಿದ್ದರೆ ನಿಮಗೂ ಆಗಿಲ್ಲ.

## ಹಂತ 4: ಮನೆಯಲ್ಲೊಂದು ಪ್ರಯೋಗಶಾಲೆ

ಇಲ್ಲಿಂದ ನಿಮ್ಮ ಅರ್ಜಿ ಉಳಿದವರದಕ್ಕಿಂತ ಬೇರೆಯಾಗುತ್ತದೆ.

ಲ್ಯಾಪ್‌ಟಾಪಿನಲ್ಲಿ ವರ್ಚುವಲ್‌ಬಾಕ್ಸ್ ಹಾಕಿ. ಅದರೊಳಗೆ ತಂತ್ರಾಂಶದಿಂದಲೇ ಆದ ಮೂರು ವರ್ಚುವಲ್ ಯಂತ್ರಗಳು: ಒಂದು ವಿಂಡೋಸ್, ಒಂದು ಉಬುಂಟು ಲಿನಕ್ಸ್, ಒಂದು ಕಾಲಿ ಲಿನಕ್ಸ್ (ಭದ್ರತಾ ಪರೀಕ್ಷೆಯ ಸಾಧನಗಳಿರುವುದು). ಉಬುಂಟುವಿನಲ್ಲಿ ಲಾಗ್‌ಗಳನ್ನು ಒಟ್ಟುಗೂಡಿಸಿ ಎಚ್ಚರಿಕೆ ಕೊಡುವ ವಾಝು ಎಂಬ ಮುಕ್ತ ತಂತ್ರಾಂಶ ಸ್ಥಾಪಿಸಿ; ವಿಂಡೋಸ್ ಯಂತ್ರದಲ್ಲಿ ಅದಕ್ಕೆ ಮಾಹಿತಿ ಕಳುಹಿಸುವ ಏಜೆಂಟ್ ಮತ್ತು ಯಂತ್ರದ ಚಟುವಟಿಕೆ ದಾಖಲಿಸುವ ಮೈಕ್ರೋಸಾಫ್ಟ್‌ನ ಸಿಸ್‌ಮಾನ್. ಇವೆಲ್ಲ ಹೊರಗಿನ ಜಾಲಕ್ಕೆ ತಾಗದಂತೆ ಪ್ರತ್ಯೇಕ ನೆಟ್‌ವರ್ಕ್‌ನಲ್ಲಿರಲಿ. ಏನಾದರೂ ಇಳಿಸಿಕೊಳ್ಳುವಾಗ ಮಾತ್ರ ಹೊರಗಿನ ಸಂಪರ್ಕ ಕೊಟ್ಟು ಮತ್ತೆ ಮುಚ್ಚಿ. ಮೊದಲ ಸಲ ಸ್ಥಾಪಿಸುವಾಗ ಎಲ್ಲವೂ ಕೈಕೊಡುತ್ತದೆ. ನನಗೆ ವಾರವಿಡೀ ಹಿಡಿದಿತ್ತು, ಕೊನೆಗೆ ನೋಡಿದರೆ ಯಂತ್ರದ ಗಡಿಯಾರವೇ ತಪ್ಪಿತ್ತು. ಆ ವಾರದಲ್ಲಿ ಕಲಿತದ್ದು ಯಾವ ಕೋರ್ಸಿನಲ್ಲೂ ಸಿಗಲಿಲ್ಲ.

ಆಮೇಲೆ ಕಾಲಿ ಯಂತ್ರದಿಂದ ವಿಂಡೋಸ್ ಯಂತ್ರವನ್ನು ಎನ್‌ಮ್ಯಾಪ್ ಎಂಬ ತಂತ್ರಾಂಶ ಬಳಸಿ ಸ್ಕ್ಯಾನ್ ಮಾಡಿ, ಅಂದರೆ ಯಾವ ಪೋರ್ಟ್‌ಗಳು ತೆರೆದಿವೆ ನೋಡಿ. ಬೇಕೆಂದೇ ತಪ್ಪು ಪಾಸ್‌ವರ್ಡ್‌ಗಳನ್ನು ಹಲವು ಸಲ ಪ್ರಯತ್ನಿಸಿ. ಹೊಸ ಖಾತೆ ತೆರೆಯಿರಿ. ಪ್ರತಿಯೊಂದೂ ವಾಝುವಿನ ಪರದೆಯಲ್ಲಿ ಹೇಗೆ ಕಾಣುತ್ತದೆ, ಯಾವುದು ಕಾಣಲೇ ಇಲ್ಲ ಎಂದು ಗುರುತುಮಾಡಿ.

ಪ್ರತಿ ಪ್ರಯೋಗಕ್ಕೂ ಒಂದು ಪುಟದ ವರದಿ ಬರೆಯಿರಿ: ಏನು ಕಂಡಿತು, ಯಾವಾಗ, ಯಾವ ಸಾಕ್ಷ್ಯ, ಏನು ಮಾಡಿದೆ, ಮುಂದೆ ಏನು ಮಾಡಬೇಕು. ಸಿಟ್‌ರೆಪ್ (ಪರಿಸ್ಥಿತಿಯ ವರದಿ) ಬರೆದ ಕೈಗೆ ಇದು ಹೊಸತಲ್ಲ, ಕಾಲೇಜಿನಿಂದ ಬಂದ ಹುಡುಗರಿಗೆ ಇದೇ ಕಷ್ಟ. ಇಂಥ ಹತ್ತು ವರದಿಗಳಿದ್ದರೆ ನಾನಂತೂ ಸರ್ಟಿಫಿಕೇಟಿನ ಪುಟ ತಿರುವುವುದಿಲ್ಲ.

ಎಚ್ಚರಿಕೆ: ಸ್ಕ್ಯಾನ್ ಮಾಡುವುದೇನಿದ್ದರೂ ನಿಮ್ಮದೇ ಯಂತ್ರಗಳನ್ನು. ಪಕ್ಕದ ಮನೆಯ ವೈಫೈ, ಮಗನ ಶಾಲೆಯ ಜಾಲತಾಣ, ಯಾವುದೋ ಸರ್ಕಾರಿ ತಾಣ ಯಾವುದೂ ಬೇಡ. ಅನುಮತಿಯಿಲ್ಲದೆ ಇನ್ನೊಬ್ಬರ ವ್ಯವಸ್ಥೆಗೆ ಕೈಹಾಕಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಅಥವಾ ಎರಡೂ ಆಗಬಹುದು. ಒಳ್ಳೆಯ ಉದ್ದೇಶದಿಂದ ಮಾಡಿದೆ ಎಂಬ ಮಾತನ್ನು ನಂಬಿ ಕೂರಬೇಡಿ.

ಜಿಆರ್‌ಸಿ ಬಾಗಿಲು ಆರಿಸಿದವರು ಪ್ರಯೋಗಶಾಲೆಯ ಬದಲು ಒಂದು ಕಾಲ್ಪನಿಕ ಕಂಪನಿಗೆ ಅಪಾಯಗಳ ಪಟ್ಟಿ, ಆಸ್ತಿಗಳ ಪಟ್ಟಿ, ಪಾಸ್‌ವರ್ಡ್ ನೀತಿ ಬರೆಯಿರಿ. ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳನ್ನು ಪೂರ್ತಿ ಓದಿ: ಸೈಬರ್ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ, ಲಾಗ್‌ಗಳನ್ನು 180 ದಿನ ಕಾಪಿಡುವುದು. ಜೊತೆಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಸಂದರ್ಶನದಲ್ಲಿ ಈ ಎರಡರ ಬಗ್ಗೆ ತಡವರಿಸದೆ ಮಾತಾಡುವವರು ಕಡಿಮೆ.

## ಹಂತ 5: ಈಗ ಸರ್ಟಿಫಿಕೇಟ್, ಅದೂ ಒಂದೇ

ಸಾಕ್ ಅಥವಾ ನೆಟ್‌ವರ್ಕ್‌ನವರಿಗೆ ಕಾಂಪ್‌ಟಿಯಾ ಸೆಕ್ಯುರಿಟಿ ಪ್ಲಸ್. 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ, 900ಕ್ಕೆ 750 ಬಂದರೆ ಪಾಸ್; ಮೂರು ವರ್ಷ ಮಾನ್ಯ. ಮೂರು, ನಾಲ್ಕನೆಯ ಹಂತ ಸರಿಯಾಗಿ ಮುಗಿಸಿದ್ದರೆ ಎರಡು ತಿಂಗಳ ಓದು ಸಾಕು. ಮೊದಲು ಕೈ ಪಳಗಿಸಿಕೊಳ್ಳಬೇಕೆಂದರೆ ಐಎಸ್‌ಸಿ2 ಸಂಸ್ಥೆಯ ಸಿಸಿ ಎಂಬ ಆರಂಭಿಕ ಪರೀಕ್ಷೆ ಇದೆ. ಪಾಸಾದ ಮೇಲೆ ವರ್ಷಕ್ಕೆ 50 ಡಾಲರ್ ಸದಸ್ಯತ್ವ ಶುಲ್ಕ ಕಟ್ಟಬೇಕೆಂಬುದನ್ನು ಮರೆಯಬೇಡಿ.

ಜಿಆರ್‌ಸಿಯವರಿಗೆ ಐಎಸ್‌ಒ 27001 ಲೀಡ್ ಆಡಿಟರ್, ಸಾಮಾನ್ಯವಾಗಿ ಐದು ದಿನದ ತರಬೇತಿ ಮತ್ತು ಪರೀಕ್ಷೆ.

ಅನುಭವಿಗಳಿಗೆಂದೇ ಇರುವ ಸಿಐಎಸ್‌ಎಸ್‌ಪಿ ಎಂಬ ಸರ್ಟಿಫಿಕೇಟ್ ಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೆ ಎಂಟು ವಿಷಯಕ್ಷೇತ್ರಗಳಲ್ಲಿ ಕನಿಷ್ಠ ಎರಡರಲ್ಲಿ ಒಟ್ಟು ಐದು ವರ್ಷದ ಅನುಭವ ತೋರಿಸಬೇಕು. ಸಂಪರ್ಕ ಜಾಲಗಳ ಹೊಣೆ ಹೊತ್ತ ಅಧಿಕಾರಿಗಳಿಗೆ, ಹಿರಿಯ ಜೆಸಿಒಗಳಿಗೆ ಇದು ಸರಿಯಾದ ಗುರಿ. ಮೊದಲ ಕೆಲಸ ಹುಡುಕುತ್ತಿರುವ ನಾಯಕ್‌ಗೆ ಈಗಲೇ ಬೇಡ.

ಅಪಾಯದ ಸೂಚನೆಗಳು: ನೂರಕ್ಕೆ ನೂರು ಕೆಲಸದ ಖಾತರಿ ಎನ್ನುವ ಸಂಸ್ಥೆ, ಪಿಂಚಣಿಯ ಕಮ್ಯುಟೇಷನ್ ಹಣ (ಪಿಂಚಣಿಯ ಒಂದು ಭಾಗದ ಬದಲು ಒಟ್ಟಿಗೆ ಸಿಗುವ ಮೊತ್ತ) ಯಾವಾಗ ಬರುತ್ತದೆ ಎಂದು ವಿಚಾರಿಸುವ ಮಾರಾಟಗಾರ, ಪರೀಕ್ಷೆಯ ಪ್ರಶ್ನೆಗಳನ್ನೇ ಕೊಡುತ್ತೇವೆ ಎನ್ನುವವನು. ಮೂರನೆಯವನನ್ನು ನಂಬಿದರೆ ಸರ್ಟಿಫಿಕೇಟ್ ರದ್ದಾಗಿ, ಮುಂದೆ ಪರೀಕ್ಷೆ ಬರೆಯಲೂ ಅಡ್ಡಿಯಾಗಬಹುದು.

## ಹಂತ 6: ಸೇವೆಯನ್ನು ಅವರ ಭಾಷೆಗೆ ತರುವುದು

ಹದಿನೇಳು ವರ್ಷವನ್ನು ನಿಷ್ಠೆಯಿಂದ ದೇಶಸೇವೆ ಮಾಡಿದೆ ಎಂಬ ಒಂದು ಸಾಲಿನಲ್ಲಿ ಮುಗಿಸಿದವರನ್ನು ಕಂಡಿದ್ದೇನೆ. ಕಂಪನಿಯಲ್ಲಿ ಅರ್ಜಿ ಓದುವ ಹುಡುಗಿಗೆ ಹವಾಲ್ದಾರ್ ಎಂದರೆ ಎಷ್ಟು ಜನರ ಮೇಲಿನವನೆಂದೂ ಗೊತ್ತಿರುವುದಿಲ್ಲ. ದರ್ಜೆಯನ್ನು ಕೆಲಸವಾಗಿ ಬಿಡಿಸಿ: ಇಷ್ಟು ಜನರ ಪಾಳಿ ನಿರ್ವಹಿಸಿದೆ, ಇಷ್ಟು ಉಪಕರಣಗಳ ಲೆಕ್ಕ ಇಟ್ಟೆ, ಪ್ರವೇಶ ನಿಯಂತ್ರಣ ನೋಡಿಕೊಂಡೆ, ತುರ್ತು ಸಂದರ್ಭದ ಅಭ್ಯಾಸ ನಡೆಸಿದೆ. ಪದಕಗಳು ಕೊನೆಯ ಸಾಲಿಗಿರಲಿ. ಎರಡು ಪುಟ ಮೀರಬಾರದು.

ಅದೇ ಸಮಯದಲ್ಲಿ ಬರೆಯಬಾರದ್ದನ್ನು ಬರೆಯಬೇಡಿ. ಅಧಿಕೃತ ರಹಸ್ಯಗಳ ಕಾಯ್ದೆ, 1923 ನಿವೃತ್ತಿಯ ದಿನ ನಿಮ್ಮನ್ನು ಬಿಡುವುದಿಲ್ಲ. ಯೂನಿಟ್ ಇದ್ದ ಜಾಗ, ಉಪಕರಣದ ಹೆಸರು, ಜಾಲದ ಹೆಸರು, ನಿಯೋಜನೆಯ ದಿನಾಂಕ ಯಾವುದೂ ಅರ್ಜಿಯಲ್ಲಿರಬಾರದು. ಉತ್ತರ ವಲಯದ ಜಾಲವೊಂದರ ನಿರ್ವಹಣೆ ಎನ್ನುವ ಬದಲು ಬಹುಸ್ಥಳ ಸಂಪರ್ಕ ಜಾಲದ ನಿರ್ವಹಣೆ ಎಂದರೆ ಸಾಕು. ಸಂದರ್ಶನದಲ್ಲಿ ಹೆಚ್ಚು ಕೆದಕಿದರೆ ಅದನ್ನು ಹೇಳುವಂತಿಲ್ಲ ಎಂದುಬಿಡಿ. ಭದ್ರತೆಯ ಕೆಲಸಕ್ಕೆ ಬಂದವನು ಬಾಯಿ ಬಿಡದಿರುವುದು ಅವನ ಪರವಾಗಿಯೇ ಕೆಲಸ ಮಾಡುತ್ತದೆ.

ಲಿಂಕ್ಡ್‌ಇನ್ ಖಾತೆಯನ್ನು ಬಿಡುಗಡೆಯ ನಂತರ ತೆರೆಯಿರಿ. 2020ರ ಜುಲೈನಲ್ಲಿ ಸೇನೆ 89 ಆ್ಯಪ್‌ಗಳನ್ನು ಮೊಬೈಲಿನಿಂದ ತೆಗೆಯಲು ತನ್ನವರಿಗೆ ಸೂಚಿಸಿದ್ದು ನೆನಪಿರಬಹುದು; ಸೇವೆಯಲ್ಲಿರುವವರು ಈಗ ಜಾರಿಯಲ್ಲಿರುವ ಆದೇಶ ನೋಡಿಕೊಳ್ಳಿ. ಸಮವಸ್ತ್ರದ ಫೋಟೊ ಹಾಕಬೇಡಿ. ವಿದೇಶಿ ಕಂಪನಿಯ ನೇಮಕಾತಿ ಅಧಿಕಾರಿ ಎಂದು ಸಂಪರ್ಕಿಸಿ, ಹಳೆಯ ಯೂನಿಟ್‌ನ ಕುರಿತು ಒಂದು ವರದಿ ಬರೆದುಕೊಟ್ಟರೆ ಹಣ ಎಂದವರಿಗೆ ಉತ್ತರಿಸಬೇಡಿ. ಬೇಹುಗಾರರು ಬರುವ ದಾರಿ ಇದೇ.

## ಹಂತ 7: ಅರ್ಜಿ ಮತ್ತು ಸಂದರ್ಶನ

ನೌಕರಿ ತಾಣಗಳಲ್ಲಿ ಇನ್ನೂರು ಅರ್ಜಿ ಹಾಕುವುದಕ್ಕಿಂತ ಇಪ್ಪತ್ತು ಜನರ ಪರಿಚಯ ಮೇಲು. ಬೆಂಗಳೂರಿನಲ್ಲಿ ಸೈಬರ್ ಭದ್ರತೆಯವರ ಸಂಘಟನೆಗಳಾದ ನಲ್ ಸಮುದಾಯ ಮತ್ತು ಓವಾಸ್ಪ್ ಶಾಖೆಯವರು ಸೇರುವ ಸಭೆಗಳಿಗೆ ಹೋಗಿ. ಹಿಂದಿನ ಸಾಲಿನಲ್ಲಿ ಕುಳಿತು ಕೇಳಿ, ಚಹಾದ ಹೊತ್ತಿಗೆ ಮಾತಾಡಿಸಿ. ಬೆಳಗಾವಿ, ಕೊಡಗಿನಿಂದ ಬರುವುದಾದರೆ ಒಂದು ರಾತ್ರಿ ಬಸ್ಸಿನ ದಾರಿ, ಅಷ್ಟು ಖರ್ಚು ಮಾಡಬಹುದು.

ಸಂದರ್ಶನದಲ್ಲಿ ನಮ್ಮವರು ಜಾರುವುದು ಎರಡು ಕಡೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಲು ಹಿಂಜರಿಯುತ್ತಾರೆ. ಇಲ್ಲಿ ಅದು ತಪ್ಪಲ್ಲ, ಹೇಗೆ ಹುಡುಕುತ್ತೀರಿ ಎಂದು ಹೇಳಿದರೆ ಸಾಕು. ಎರಡನೆಯದು, ಆದೇಶ ಬಂದರೆ ಮಾಡುತ್ತೇನೆ ಎಂಬ ಧಾಟಿ. ಒಂದು ಎಚ್ಚರಿಕೆ ಸುಳ್ಳೆಂದು ಏಕೆ ತೀರ್ಮಾನಿಸಿದಿರಿ ಎಂಬ ಪ್ರಶ್ನೆಗೆ ನಿಮ್ಮದೇ ತರ್ಕ ಬೇಕು. ಮುಂದೆ ಕುಳಿತ ತಂಡದ ಮುಖ್ಯಸ್ಥೆಗೆ ಇಪ್ಪತ್ತೇಳು ವರ್ಷ ಇರಬಹುದು, ಮೇಡಂ ಎನ್ನಬೇಡಿ, ಹೆಸರು ಹಿಡಿದು ಕರೆಯಿರಿ ಎನ್ನಬಹುದು. ಅದು ಬಾಯಿಗೆ ಬರಲು ನನಗೆ ಮೂರು ತಿಂಗಳು ಹಿಡಿಯಿತು.

ಮೊದಲ ಸಂಬಳ ಹೊಸ ಪದವೀಧರನಿಗೆ ಕೊಡುವಷ್ಟೇ ಇರಬಹುದು. ಪಿಂಚಣಿ ಇರುವುದರಿಂದ ಒಂದೂವರೆ ವರ್ಷ ಅದನ್ನು ತಡೆದುಕೊಳ್ಳುವ ಅವಕಾಶ ನಿಮಗಿದೆ, ಅವನಿಗಿಲ್ಲ. ಕೆಲಸಕ್ಕೆ ಸೇರಲು ಠೇವಣಿ ಕೇಳಿದರೆ ಎದ್ದು ಬನ್ನಿ.

## ಹಂತ 8: ಹಿನ್ನೆಲೆ ಪರಿಶೀಲನೆ ಮತ್ತು ತೆರಿಗೆ

ಕೆಲಸ ಸಿಕ್ಕಿತು ಎಂದುಕೊಂಡ ಮೇಲೂ ಕೆಲವರು ಇಲ್ಲಿ ಸಿಕ್ಕಿಬೀಳುತ್ತಾರೆ. ಪರಿಶೀಲನೆಯ ಏಜೆನ್ಸಿ ಹಿಂದಿನ ಉದ್ಯೋಗದಾತರ ಇಮೇಲ್ ಮತ್ತು ಭವಿಷ್ಯನಿಧಿಯ ಯುಎಎನ್ ಸಂಖ್ಯೆ ಕೇಳುತ್ತದೆ. ಸೈನಿಕರಿಗೆ ಎರಡೂ ಇರುವುದಿಲ್ಲ. ಆಗ ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಪಾವತಿ ಆದೇಶ), ಮಾಜಿ ಸೈನಿಕರ ಗುರುತಿನ ಚೀಟಿಯ ಪ್ರತಿಗಳನ್ನು ಕೊಟ್ಟು, ದೃಢೀಕರಣಕ್ಕೆ ರೆಕಾರ್ಡ್ ಆಫೀಸಿನ ಅಂಚೆ ವಿಳಾಸ ಕೊಡಿ. ಮಾನವ ಸಂಪನ್ಮೂಲ ವಿಭಾಗದವರಿಗೆ ಇದನ್ನು ಮೊದಲೇ ಬರೆದು ತಿಳಿಸಿ. ಅವರು ಹೆಚ್ಚಾಗಿ ಮೊದಲ ಸಲ ಸೈನಿಕನ ಕಡತ ನೋಡುತ್ತಿರುತ್ತಾರೆ.

ಎರಡು ವರ್ಷದ ಐಟಿ ಅನುಭವದ ಪತ್ರ ಮಾಡಿಕೊಡುತ್ತೇವೆ ಎನ್ನುವ ದಲ್ಲಾಳಿಗಳೂ ಇದ್ದಾರೆ. ಅದು ಇದೇ ಹಂತದಲ್ಲಿ ಬಯಲಾಗುತ್ತದೆ. ಭದ್ರತಾ ವಿಭಾಗದಲ್ಲಿ ಸುಳ್ಳು ಪತ್ರಕ್ಕೆ ಕ್ಷಮೆ ಇಲ್ಲ.

ಕೊನೆಯದಾಗಿ, ಸೇರಿದ ಮೊದಲ ವಾರವೇ ನಿಮ್ಮ ಪಿಂಚಣಿಯ ವಿವರವನ್ನು ಕಂಪನಿಯ ಲೆಕ್ಕಪತ್ರ ವಿಭಾಗಕ್ಕೆ ಬರೆದುಕೊಡಿ. ಪಿಂಚಣಿ ಕೊಡುವವರು ತಮ್ಮ ಲೆಕ್ಕದಲ್ಲಿ, ಕಂಪನಿ ತನ್ನ ಲೆಕ್ಕದಲ್ಲಿ ತೆರಿಗೆ ಕಡಿತ ಮಾಡುತ್ತವೆ. ಎರಡೂ ಸೇರಿದಾಗ ನೀವು ಮೇಲಿನ ತೆರಿಗೆ ಹಂತಕ್ಕೆ ಹೋಗಿರುತ್ತೀರಿ, ಆ ವ್ಯತ್ಯಾಸವನ್ನು ಯಾರೂ ಕಡಿದಿರುವುದಿಲ್ಲ. ನಾನು ಹೇಳದೆ ಬಿಟ್ಟಿದ್ದೆ. ಮರುವರ್ಷ ಜುಲೈನಲ್ಲಿ ರಿಟರ್ನ್ ಸಲ್ಲಿಸುವಾಗ ಬಾಕಿ ತೆರಿಗೆ, ಅದರ ಮೇಲೆ ಬಡ್ಡಿ ಎಲ್ಲವನ್ನೂ ಒಂದೇ ಸಲ ಕಟ್ಟಿದೆ.